ಮೊಲದ ಹಾಡು ಹಾಕಿ ಮಾನ ಕಳ್ಕೊಂಡಿದ್ದು

ನಾನು ಯಾವ್ದನ್ನೂ ಪೂರ್ತಿ ಕೇಳಿಸ್ಕೊಳಲ್ಲ ಅನ್ನೋದು ನನ್ನ ಹೆಂಡ್ತಿ ಹನ್ನೊಂದು ವರ್ಷದಿಂದ ಹೇಳ್ಕೊಂಡು ಬಂದಿರೋ ಮಾತು, ಅದನ್ನೂ ನಾನು ಪೂರ್ತಿ ಕೇಳಿಸ್ಕೊಂಡಿರ್ಲಿಲ್ಲ. ಹೋದ ನವೆಂಬರಲ್ಲಿ ಇಲ್ಲಿ ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿ ನಾವೊಂದಷ್ಟು ಕನ್ನಡದವರು ಸೇರ್ಕೊಂಡು ರಾಜ್ಯೋತ್ಸವ ಮಾಡಿದ್ವಿ, ಅವತ್ತು ಎರಡೂವರೆ ನಿಮಿಷದ ಒಂದು ಹಾಡಿಂದ ಇಡೀ ಹಾಲ್‌ಗೇ ಅದು ಸಾಬೀತಾಯ್ತು.

ಮಕ್ಕಳ ಫ್ಯಾನ್ಸಿ ಡ್ರೆಸ್ ಇತ್ತು. ಪ್ರತಿ ವರ್ಷ ಮೂರು ಕಿತ್ತೂರು ಚೆನ್ನಮ್ಮ, ನಾಲ್ಕು ಓಬವ್ವ ಗ್ಯಾರಂಟಿ, ಒನಕೆಗಳು ಒಂದಕ್ಕೊಂದು ತಾಗ್ತಾನೂ ಇರ್ತವೆ. ನನ್ನ ಏಳು ವರ್ಷದ ಮಗಳು ಮಾತ್ರ ನಾನು ಮೊಲ ಆಗ್ತೀನಿ ಅಂತ ಹಟ ಹಿಡಿದ್ಲು. ರಾಜ್ಯೋತ್ಸವಕ್ಕೂ ಮೊಲಕ್ಕೂ ಏನಮ್ಮಾ ಸಂಬಂಧ ಅಂದ್ರೆ ಅವಳ ಹತ್ರ ಉತ್ತರ ಇಲ್ಲ, ಆದ್ರೆ ಅವಳ ತಾತನ ಹತ್ರ ಇತ್ತು. ನಮ್ಮ ಮಾವ ತುಮಕೂರಲ್ಲಿ ಹೈಸ್ಕೂಲ್ ಇಂಗ್ಲಿಷ್ ಮೇಷ್ಟ್ರಾಗಿ ರಿಟೈರ್ ಆದವರು, ಆರು ತಿಂಗಳಿಗೆ ಅಂತ ಬಂದಿದ್ರು. "ಅಳಿಯಂದ್ರೆ, ಯಾಕೆ ಸಂಬಂಧ ಇಲ್ಲ? ನಾ. ಕಸ್ತೂರಿ ಅವರು ಆ ಇಂಗ್ಲಿಷ್ ಮಕ್ಕಳ ಕತೆ ಆಲಿಸ್ ಇನ್ ವಂಡರ್‌ಲ್ಯಾಂಡ್‌ನ ಕನ್ನಡಕ್ಕೆ ತಂದು ಪಾತಾಳದಲ್ಲಿ ಪಾಪಚ್ಚಿ ಬರೆದಿಲ್ವಾ? ಆಲಿಸ್ ಪಾಪಚ್ಚಿ ಆದ್ಮೇಲೆ ಅವಳ ಮೊಲಾನೂ ಕನ್ನಡದ್ದೇ" ಅಂದ್ರು. ಪದಗಳಿಗೆ ತಮಾಷೆ ಅರ್ಥ ಕೊಡೋ ಅನರ್ಥಕೋಶಾನೂ ಬರೆದ ಕಸ್ತೂರಿಯವರ ಹೆಸರು ಬಂದ್ಮೇಲೆ ನಾನು ಅರ್ಥ ಕೇಳೋ ಹಾಗೇ ಇಲ್ಲ.

ವೇಷದ ವಿಷ್ಯ ಜಾಸ್ತಿ ಹೇಳಲ್ಲ. ಕಿವಿಗೆ ರಟ್ಟಿನ ಡಬ್ಬ ಕತ್ತರಿಸಿ ಮಾವನ ಹಳೇ ಪಂಚೆ ಬಟ್ಟೆ ಅಂಟಿಸಿದ್ವಿ, ಒಂದು ಕಿವಿ ನೆಟ್ಟಗೆ ನಿಂತ್ಕೊಳ್ತು, ಇನ್ನೊಂದು ರಾಜೀನಾಮೆ ಕೊಟ್ಟವರ ಥರ ಬಗ್ಗೇ ಇತ್ತು. ಕತೇಲಿ ಮೊಲಕ್ಕೆ ಜೇಬುಗಡಿಯಾರ ಬೇಕಲ್ಲ, ಅದಕ್ಕೆ ಮಾವ ತಮ್ಮ ಎಚ್‌ಎಂಟಿ ವಾಚಿನ ಪಟ್ಟಿ ಬಿಚ್ಚಿ ಅದಕ್ಕೊಂದು ದಾರ ಕಟ್ಟಿ ಕೊಟ್ರು, ಕೊಡುವಾಗ "ಪುಟ್ಟೀ, ಇದು ನಮ್ಮ ಮದ್ವೇಲಿ ಕೊಟ್ಟಿದ್ದು" ಅಂತ ಎಂಟು ಸಲ ಹೇಳಿದ್ರು.

ಹಾಡಿನ ಜವಾಬ್ದಾರಿ ನಂದು. ಬುಧವಾರದೊಳಗೆ ಕಳ್ಸಿ ಅಂದಿದ್ರು. ಶನಿವಾರ ಬೆಳಿಗ್ಗೆ ಹಾಲ್‌ನ ಪಾರ್ಕಿಂಗಲ್ಲಿ ಕೂತ್ಕೊಂಡು, ಹಿಂದಿನ ಸೀಟಲ್ಲಿ ಮೊಲ "ಅಪ್ಪಾ ಲೇಟಾಯ್ತು ಅಪ್ಪಾ ಲೇಟಾಯ್ತು" ಅಂತ ಅಳ್ತಿರ್ಬೇಕಾದ್ರೆ (ಪಾತ್ರಕ್ಕೆ ಅಷ್ಟು ಚೆನ್ನಾಗಿ ಹೊಂದ್ಕೊಂಡಿದ್ದು ಅದೊಂದೇ ಕ್ಷಣ) ಫೋನಲ್ಲಿ ವೈಟ್ ರ‍್ಯಾಬಿಟ್ ಆಲಿಸ್ ಸಾಂಗ್ ಅಂತ ಹುಡುಕಿದೆ. ಮೊದಲನೇದೇ ಸಿಕ್ತು. ಹೆಸರು ವೈಟ್ ರ‍್ಯಾಬಿಟ್, ಅಳತೆ ಎರಡೂವರೆ ನಿಮಿಷ, ನಮಗೆ ಕೊಟ್ಟಿದ್ದು ಮೂರು. ಮೊದಲ ಹತ್ತು ಸೆಕೆಂಡ್ ಕೇಳಿದೆ, ಮೆಲ್ಲಗೆ ಗಿಟಾರು, ಹಿಂದೆ ಸೈನಿಕರ ಮಾರ್ಚ್ ಥರ ಡ್ರಮ್ಮು. ಓ, ಕತೇಲಿ ಬರೋ ಇಸ್ಪೀಟ್ ಎಲೆಗಳ ಸೈನ್ಯ ಇರ್ಬೇಕು ಅಂದ್ಕೊಂಡು ಫಾರ್ವರ್ಡ್ ಮಾಡ್ಬಿಟ್ಟೆ.

ಅದು ಜೆಫರ್ಸನ್ ಏರ್‌ಪ್ಲೇನ್ ಅನ್ನೋ ಬ್ಯಾಂಡಿನ 1967ರ ಹಾಡು. ನಮ್ಮನೆಯಿಂದ ಒಂದು ಗಂಟೆ ದೂರದ ಸ್ಯಾನ್ ಫ್ರಾನ್ಸಿಸ್ಕೋದ ಬ್ಯಾಂಡು. ಬರ್ದಿದ್ದೂ ಹಾಡಿದ್ದೂ ಗ್ರೇಸ್ ಸ್ಲಿಕ್. ಅಮೆರಿಕಾದ ಹಿಟ್ ಪಟ್ಟೀಲಿ 8ನೇ ಸ್ಥಾನದ ತನಕ ಹೋಗಿತ್ತು. ಇದೆಲ್ಲ ನನಗೆ ಗೊತ್ತಾಗಿದ್ದು ಮಾನ ಹೋದ್ಮೇಲೆ.

ಆಕೆ ಟ್ಯೂನ್ ಮಾಡ್ಬೇಕಾದ್ರೆ ರಾವೆಲ್ ಅನ್ನೋ ಫ್ರೆಂಚ್ ಸಂಗೀತಗಾರನ 1928ರ ಬೊಲೆರೋ ತಲೇಲಿತ್ತಂತೆ. ಬೊಲೆರೋ ಅಂದ್ರೆ ನನಗೆ ಗೊತ್ತಿರೋದು ನಮ್ಮೂರ ಪಂಚಾಯ್ತಿ ಮೆಂಬರ್ ಓಡಾಡೋ ಗಾಡಿ. ಇದು ಬೇರೆ, ಪಿಸುಮಾತಲ್ಲಿ ಶುರುವಾಗಿ ಒಂದೇ ತಾಳದ ಮೇಲೆ ಏರ್ತಾ ಏರ್ತಾ ಕೊನೇಲಿ ಸಿಡಿಯೋ ಜಾತಿ. ನಮ್ಮ ಮಿಕ್ಸರ್ ಹತ್ರ ಕೂತಿದ್ದ ಹುಡುಗನಿಗೂ ಇದು ಗೊತ್ತಿರ್ಲಿಲ್ಲ. ಶುರೂಲಿ ಸೌಂಡ್ ಬರ್ತಿಲ್ಲ ಅಂತ ಹಿಂದಿನ ಸಾಲಿನವರು ಕೂಗಿದ್ರು, ಅವನು ವಾಲ್ಯೂಮ್ ಜಾಸ್ತಿ ಮಾಡ್ದ, ಇನ್ನೂ ಕೇಳಿಸ್ತಿಲ್ಲ ಅಂದ್ರು, ಇನ್ನೂ ಮಾಡ್ದ, ಆಮೇಲೆ ಪಾಪ ವಾಂಗಿಬಾತ್ ಬಂತು ಅಂತ ಎದ್ದು ಹೋದ.

ವೇದಿಕೆ ಮೇಲೆ ಮೊಲ ಗಡಿಯಾರ ನೋಡ್ಕೊಂಡು ಓಡಾಡ್ಬೇಕಿತ್ತು. ಆ ತಾಳಕ್ಕೆ ಓಡೋಕಾಗುತ್ತಾ? ನನ್ನ ಮಗಳು ಕಳಶ ಹಿಡ್ಕೊಂಡ ಹಸೆಮಣೆ ಹುಡುಗಿ ಥರ ಒಂದೊಂದೇ ಹೆಜ್ಜೆ ಇಟ್ಕೊಂಡು ಬಂದ್ಲು, ಬಗ್ಗಿದ ಕಿವಿ ಕಣ್ಣಿನ ಮೇಲೆ. ಅಷ್ಟರಲ್ಲಿ ಹಾಡಲ್ಲಿ ಮಾತು ಶುರುವಾಯ್ತು. ಮೊದಲು ಬಂದಿದ್ದೇ ಮಾತ್ರೆ. ಒಂದು ತಗೊಂಡ್ರೆ ದೊಡ್ಡದಾಗ್ತೀರ, ಇನ್ನೊಂದು ತಗೊಂಡ್ರೆ ಚಿಕ್ಕದಾಗ್ತೀರ ಅನ್ನೋ ಅರ್ಥ. ಪಕ್ಕದ ಸೀಟಿನ ಆಂಟಿ "ಏನ್ರೀ, ವಿಟಮಿನ್ ಅಡ್ವರ್ಟೈಸ್‌ಮೆಂಟಾ?" ಅಂದ್ರು. ಆಮೇಲೆ ಹುಕ್ಕಾ ಬಂತು. ಆಮೇಲೆ ಅಣಬೆ ಬಂತು. ನಾನು ನಿಧಾನಕ್ಕೆ ಕುರ್ಚಿಯೊಳಗೆ ಇಳಿಯೋಕೆ ಶುರು ಮಾಡ್ದೆ, ಅಂದ್ರೆ ಮಾತ್ರೆ ಇಲ್ದೇನೇ ಚಿಕ್ಕವನಾಗ್ತಿದ್ದೆ. ಕೊನೇ ಹೊತ್ತಿಗೆ ಆ ವಾಲ್ಯೂಮಲ್ಲಿ ಆಕೆ ನಿಮ್ಮ ತಲೆಗೆ ಉಣಿಸಿ ಅಂತ ಎರಡು ಸಲ ಕಿರುಚಿದ್ದಕ್ಕೆ ಮುಂದಿನ ಸಾಲಿನ ಮೂರು ಕೂಸುಗಳು ಒಟ್ಟಿಗೆ ಅತ್ತವು, ಒಬ್ಬ ಓಬವ್ವ ಒನಕೆ ಬಿಟ್ಟು ಓಡಿದ್ಲು.

ಆಗ ಹಿಂದಿನಿಂದ ಒಬ್ಬರೇ ಎದ್ದು ನಿಂತು ಚಪ್ಪಾಳೆ ತಟ್ಟಿದ್ರು. ನಮ್ಮ ಪಕ್ಕದ ಮನೆ ಅಮೆರಿಕನ್ ಅಜ್ಜಿ, ಊಟಕ್ಕೆ ಬನ್ನಿ ಅಂತ ಕರೆದಿದ್ವಿ. ನಕ್ಕು ನಕ್ಕು ಅವರ ಕಣ್ಣಲ್ಲಿ ನೀರು. 1967ರಲ್ಲಿ ನಾನು ಹದಿನೇಳರ ಹುಡುಗಿ, ಇದು ನಮ್ಮ ಕಾಲದ ಡ್ರಗ್ಸಿನ ಹಾಡು, ನಮ್ಮಮ್ಮ ರೇಡಿಯೋ ಆಫ್ ಮಾಡ್ತಿದ್ರು, ನೀವು ಮಕ್ಕಳಿಂದ ಆಡಿಸ್ತೀರಲ್ಲ, ಎಂಥಾ ಧೈರ್ಯ ಅಂದ್ರು. ಅದು ಧೈರ್ಯ ಅಲ್ಲ ಲೇಟು ಅಂತ ಹೇಳೋಕೆ ನನಗೆ ಬಾಯಿ ಬರ್ಲಿಲ್ಲ. ಲೇಟಿನ ವಿಷ್ಯದಲ್ಲಿ ಆ ಬ್ಯಾಂಡೂ ಏನ್ ಕಮ್ಮಿ ಇಲ್ಲ ಬಿಡಿ, 1969ರ ವುಡ್‌ಸ್ಟಾಕ್ ಸಂಗೀತ ಮೇಳದಲ್ಲಿ ಶನಿವಾರ ರಾತ್ರಿ ಹಾಡ್ಬೇಕಾದವರು ಸ್ಟೇಜ್ ಹತ್ತಿದ್ದು ಭಾನುವಾರ ಬೆಳಗಾದ್ಮೇಲೆ.

ಮನೆಗೆ ಬರೋ ದಾರೀಲಿ ಕಾರಲ್ಲಿ ಸ್ಮಶಾನಮೌನ. ನನ್ನ ಹೆಂಡ್ತಿ ಕಿಟಕಿ ನೋಡ್ತಿದ್ಲು. ಮಾವ ಮಾತ್ರ "ಅಳಿಯಂದ್ರೆ, ಆ ಹಾಡು ಇನ್ನೊಂದ್ಸಲ ಹಾಕಿ" ಅಂದ್ರು. ನಾಲ್ಕು ಸಲ ಹಾಕ್ಸಿದ್ರು. ಆಮೇಲೆ ಮೂವತ್ತು ವರ್ಷ ಪೇಪರ್ ತಿದ್ದಿದ ಕೈ ಶುರುವಾಯ್ತು.

"ತಲೆ ಹಾರಿಸಿ ಅನ್ನೋಳು ಹಾಡಲ್ಲಿರೋ ಹಾಗೆ ರೆಡ್ ಕ್ವೀನ್ ಅಲ್ಲ ರೀ, ಕ್ವೀನ್ ಆಫ್ ಹಾರ್ಟ್ಸು, 1865ರ ಮೊದಲ ಪುಸ್ತಕದಲ್ಲಿ. ರೆಡ್ ಕ್ವೀನ್ ಬರೋದು 1871ರ ಎರಡನೇದ್ರಲ್ಲಿ. ಈಯಮ್ಮ ಎರಡೂ ಕಲಸಿ ಚಿತ್ರಾನ್ನ ಮಾಡಿದ್ದಾಳೆ. ಎರಡು ಮಾರ್ಕ್ಸ್ ಕಟ್." ಮಾತ್ರೆಗೂ ಕಟ್, ಯಾಕಂದ್ರೆ ಪುಸ್ತಕದಲ್ಲಿ ಮಾತ್ರೆ ಇಲ್ಲ, ಬಾಟಲಿ, ಕೇಕು, ಅಣಬೆ ಇದೆ, ಅಣಬೆಯ ಒಂದು ಕಡೆ ತಿಂದ್ರೆ ಎತ್ತರ, ಇನ್ನೊಂದು ಕಡೆ ತಿಂದ್ರೆ ಕುಳ್ಳು. ಕಂಬಳಿಹುಳ ಹುಕ್ಕಾ ಸೇದೋದಕ್ಕೆ ಮಾತ್ರ ಪೂರ್ತಿ ಮಾರ್ಕ್ಸು. ಅದು ಮೂಲದಲ್ಲೇ ಇದೆ, ಟೆನ್ನಿಯಲ್ ಅನ್ನೋರು ಚಿತ್ರಾನೂ ಬರ್ದಿದ್ದಾರೆ. "ಇಷ್ಟು ವರ್ಷ ಮಕ್ಕಳಿಗೆ ಕತೆ ಹೇಳಿದೀನಿ, ಹುಳ ಹುಕ್ಕಾ ಸೇದುತ್ತೆ ಅಂತ ಒಬ್ಬ ಪೇರೆಂಟೂ ಬಂದು ಕೇಳ್ಲಿಲ್ಲ" ಅಂದ್ರು. ಗ್ರೇಸ್ ಸ್ಲಿಕ್ ವಾದಾನೂ ಅದೇನೇ ಅಂತೆ. ಮಲಗೋ ಹೊತ್ತಲ್ಲಿ ಮಕ್ಕಳಿಗೆ ತಿಂದು ಕುಡಿದು ಬೇರೆ ಲೋಕಕ್ಕೆ ಹೋಗೋ ಕತೆ ಓದಿ ಹೇಳಿ, ಅವರೇ ದೊಡ್ಡವರಾಗಿ ಹಾಗೆ ಮಾಡಿದ್ರೆ ಯಾಕೆ ಬಾಯ್ಬಾಯಿ ಬಡ್ಕೋತೀರಿ ಅಂತ ಅಪ್ಪ ಅಮ್ಮಂದಿರಿಗೇ ಕೊಟ್ಟ ಏಟು ಆ ಹಾಡು. ನಾನು ಪಾರ್ಕಿಂಗಲ್ಲಿ ಕೂತು ಪುಕ್ಕಟೆ ಅದನ್ನ ಬರಮಾಡ್ಕೊಂಡಿದ್ದೆ.

ಮಾವನಿಗೆ ತುಂಬಾ ಹಿಡಿಸಿದ್ದು ಕೊನೇ ಸಾಲು. ಹಾಡಲ್ಲಿ ಡಾರ್‌ಮೌಸ್ ಏನು ಹೇಳ್ತು ನೆನಪಿಟ್ಕೊಳ್ಳಿ ಅಂತಾಳೆ. ಪುಸ್ತಕದಲ್ಲಿ ಆ ಇಲಿಯಂಥ ಪ್ರಾಣಿ ತಲೆಗೆ ಉಣಿಸೋ ವಿಷ್ಯ ಎಲ್ಲೂ ಎತ್ತೋದೇ ಇಲ್ಲ. ಕೋರ್ಟ್ ಸೀನಲ್ಲಿ ಟೋಪಿಯವನು ಸಾಕ್ಷಿ ಹೇಳ್ತಾ ಡಾರ್‌ಮೌಸ್ ಏನೋ ಅಂತು ಅಂತಾನೆ, ಏನಂತು ಅಂತ ಜ್ಯೂರಿಯವರು ಕೇಳಿದ್ರೆ ನೆನಪಿಲ್ಲ ಅಂದ್ಬಿಡ್ತಾನೆ. "ನೂರು ವರ್ಷ ಖಾಲಿ ಬಿಟ್ಟಿದ್ದ ಬಿಟ್ಟ ಸ್ಥಳ ರೀ ಅದು, ಈಯಮ್ಮ ಬಂದು ತುಂಬಿದ್ಲು. ಎರಡು ಮಾರ್ಕ್ಸ್ ವಾಪಸ್." ಒಟ್ಟು ಹತ್ತಕ್ಕೆ ಏಳು ಕೊಟ್ರು. ನನಗೆ ಸೊನ್ನೆ.

ಮರುದಿನ ಬೆಳಿಗ್ಗೆ ಮಾವ ತಮ್ಮ ಮಾತ್ರೆ ಡಬ್ಬಿ ತೆಗೆದು ಬಿಪಿಗೆ ಒಂದು, ಶುಗರಿಗೆ ಒಂದು ಅಂತ ಎಣಿಸ್ತಾ ಅದೇ ಬೊಲೆರೋ ರಾಗ ಗುನುಗ್ತಿದ್ರು. ಮಗಳು ಪಕ್ಕದಲ್ಲಿ ಕೂತು, ಅವಳಮ್ಮ ಕೊಟ್ಟ ವಿಟಮಿನ್ನ ಅಂಗೈಲಿಟ್ಕೊಂಡು, ಹಾಡಲ್ಲಿರೋ ಹಾಗೇನೇ, "ತಾತ, ಅಮ್ಮ ಕೊಡೋ ಮಾತ್ರೆ ಏನೂ ಕೆಲಸ ಮಾಡಲ್ಲ ಅಲ್ವಾ?" ಅಂದ್ಲು.

ಅಡುಗೆಮನೇಲಿ ಸೌಟಿನ ಸದ್ದು ನಿಂತ್ಹೋಯ್ತು. "ರೀ, ಏನಂದ್ಲು ಅವಳು?"

"ನನಗೆ ಸರಿಯಾಗಿ ಕೇಳಿಸ್ಲಿಲ್ಲ ಕಣೇ" ಅಂದೆ.