ಹೆಬ್ಬೆರಳ ಮೇಲಿನ ಭಾರ

ದ್ರೋಣರು ಏಕಲವ್ಯನಲ್ಲಿ ಗುರುದಕ್ಷಿಣೆಯಾಗಿ ಕೇಳಿದ್ದು ಬಲಗೈ ಹೆಬ್ಬೆರಳನ್ನು. ಗುರಿಯ ಗುಟ್ಟು ಎಲ್ಲಿ ಅಡಗಿದೆಯೆಂದು ಬಲ್ಲ ಗುರುಗಳು ಅವರು. ಫೋನಿನಲ್ಲಿ ಗುಂಡು ಹಾರಿಸುವ ಆಟ ಆಡುವವರ ಬಂಡವಾಳವೂ ಅದೇ ಹೆಬ್ಬೆರಳು. ಎಡಗಡೆಯದು ನಡೆಸಬೇಕು, ಓಡಿಸಬೇಕು. ಬಲಗಡೆಯದರ ಪಾಡು ಇನ್ನೂ ಕಷ್ಟ: ನೋಟ ತಿರುಗಿಸಬೇಕು, ಸ್ಕೋಪ್ ತೆಗೆಯಬೇಕು, ಗುಂಡು ಹಾರಿಸಬೇಕು, ಕುಪ್ಪಳಿಸಬೇಕು, ಮಲಗಬೇಕು, ರೀಲೋಡ್ ಮಾಡಬೇಕು. ಇಷ್ಟು ಮಾಡುತ್ತಾ ಅದು ಆರೂವರೆ ಇಂಚಿನ ಪರದೆಯ ಒಂದು ಮೂಲೆಯನ್ನೂ ಮುಚ್ಚಿಕೊಂಡಿರುತ್ತದೆ. ಎದುರಾಳಿ ಅಡಗುವುದು ಸರಿಯಾಗಿ ಆ ಮೂಲೆಯಲ್ಲೇ. ಹೀಗೆ ನಾಲ್ಕು ಸಲ ಸತ್ತ ಮೇಲೆ ಕಂಟ್ರೋಲರ್, ಅಂದರೆ ಬಟನ್‌ಗಳೂ ಹೆಬ್ಬೆರಳಿನಿಂದ ವಾಲಿಸುವ ಪುಟ್ಟ ಸ್ಟಿಕ್ಕುಗಳೂ ಇರುವ ಹಿಡಿಯೊಂದನ್ನು ಕೊಳ್ಳುವ ಯೋಚನೆ ಬರುತ್ತದೆ.

ಬರಲಿ. ಆದರೆ ಕಂಟ್ರೋಲರ್ ಆರಿಸುವ ಕೆಲಸವನ್ನು ಅಂಗಡಿಗೆ ಹೋಗುವ ಮೊದಲು, ಆಟದ ಸೆಟ್ಟಿಂಗ್ಸ್‌ನಲ್ಲೇ ಶುರು ಮಾಡಬೇಕು. ಅಲ್ಲಿ 'ಕಂಟ್ರೋಲರ್' ಎಂಬ ಪುಟವೊಂದು ಇದೆಯೇ ನೋಡಿ. ಇಲ್ಲದಿದ್ದರೆ ಹತ್ತು ಸಾವಿರ ಕೊಟ್ಟು ತಂದರೂ ಅದು ಕೈಗೆ ಸಿಕ್ಕ ಒಂದು ಚಂದದ ಹಿಡಿ ಮಾತ್ರ. ನಮ್ಮಲ್ಲಿ ಅತಿ ಹೆಚ್ಚು ಸದ್ದು ಮಾಡಿದ ಆಟದ ಕತೆಯನ್ನೇ ನೋಡಿ. ಪಬ್‌ಜಿ ಮೊಬೈಲ್ 2020ರ ಸೆಪ್ಟೆಂಬರಿನಲ್ಲಿ ನಿಷೇಧವಾಯಿತು. 2021ರ ಜುಲೈನಲ್ಲಿ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ, ಚಿಕ್ಕದಾಗಿ ಬಿಜಿಎಂಐ, ಎಂಬ ಹೆಸರು ಹೊತ್ತು ಮರಳಿತು. 2022ರ ಜುಲೈನಲ್ಲಿ ಮತ್ತೆ ಮಾಯವಾಗಿ 2023ರ ಮೇ ತಿಂಗಳಲ್ಲಿ ಪುನಃ ಬಂತು. ಇಷ್ಟು ಅವತಾರ ಎತ್ತಿದರೂ ಕಂಟ್ರೋಲರಿಗೆ ಮಾತ್ರ ಬಾಗಿಲು ತೆರೆದಿಲ್ಲ. ಅದೇ 2019ರ ಅಕ್ಟೋಬರಿನಲ್ಲಿ ಬಂದ ಕಾಲ್ ಆಫ್ ಡ್ಯೂಟಿ ಮೊಬೈಲ್ ಮರುತಿಂಗಳೇ ಟಿವಿಗೆ ಜೋಡಿಸಿ ಆಡುವ ಪಿಎಸ್4, ಎಕ್ಸ್‌ಬಾಕ್ಸ್ ಒನ್ ಯಂತ್ರಗಳ ಕಂಟ್ರೋಲರುಗಳನ್ನು ಒಳಗೆ ಕರೆದುಕೊಂಡಿತು. ಅಲ್ಲೂ ಒಂದು ಕಟ್ಟುಪಾಡು ಇದೆ: ಕಂಟ್ರೋಲರ್ ಹಿಡಿದವರನ್ನು ಕಂಟ್ರೋಲರ್ ಹಿಡಿದವರ ಜೊತೆಗೇ ಕೂಡಿಸುತ್ತದೆ. ಅದು ಕೆಲಸ ಮಾಡುವುದೂ ಪಂದ್ಯದೊಳಗೆ ಮಾತ್ರ. ಮೆನುಗಳಿಗೆ ಬೆರಳೇ ಗತಿ. 'ಕನೆಕ್ಟ್ ಆಗಿದೆ, ಆದರೆ ಬಟನ್ ಒತ್ತಿದರೆ ಏನೂ ಆಗುತ್ತಿಲ್ಲ' ಎಂದು ಕಂಗಾಲಾಗುವವರಲ್ಲಿ ಅರ್ಧ ಜನ ಮೆನುವಿನಲ್ಲಿ ನಿಂತು ಒತ್ತುತ್ತಿರುತ್ತಾರೆ.

ಬಾಗಿಲು ತೆರೆಯದ ಆಟಕ್ಕೆ ಕಿಟಕಿಯಿಂದ ನುಗ್ಗುವ ದಾರಿಯೂ ಉಂಟು. ಅದಕ್ಕೆ ಮ್ಯಾಪಿಂಗ್ ಎನ್ನುತ್ತಾರೆ. ಕಂಟ್ರೋಲರಿನ ಯಾವ ಬಟನ್ ಒತ್ತಿದರೆ ಪರದೆಯ ಯಾವ ಜಾಗ ಮುಟ್ಟಿದಂತಾಗಬೇಕು ಎಂದು ಆ್ಯಪ್ ಒಂದರಲ್ಲಿ ಗುರುತು ಮಾಡಿಡುವುದು. ಬಟನ್‌ಗಳ ಮಟ್ಟಿಗೆ ಇದು ನಡೆಯುತ್ತದೆ. ತೊಂದರೆ ಬರುವುದು ನೋಟ ತಿರುಗಿಸುವ ಬಲಗಡೆಯ ಸ್ಟಿಕ್ಕಿನಲ್ಲಿ, ಮತ್ತು ಆ ತೊಂದರೆ ಯಾವ ಆ್ಯಪ್ ಬದಲಿಸಿದರೂ ಪೂರ್ತಿ ಹೋಗುವಂಥದ್ದಲ್ಲ. ಪರದೆಯ ಮೇಲೆ ಬೆರಳು ಎಷ್ಟು ಸರಿಯಿತೋ ನೋಟ ಅಷ್ಟೇ ಸರಿದು ನಿಲ್ಲುತ್ತದೆ. ಸ್ಟಿಕ್ ಹಾಗಲ್ಲ, ಅದನ್ನು ವಾಲಿಸಿ ಹಿಡಿದರೆ ನೋಟ ತಿರುಗುತ್ತಲೇ ಇರಬೇಕು, ಎಷ್ಟು ವಾಲಿಸಿದೆವು ಎಂಬುದು ಬರೀ ವೇಗವನ್ನು ಹೇಳುತ್ತದೆ. ಮ್ಯಾಪಿಂಗ್ ಆ್ಯಪ್ ಏನು ಮಾಡುತ್ತದೆಂದರೆ, ಕಾಣದ ಬೆರಳೊಂದನ್ನು ಪರದೆಯ ಮೇಲೆ ಎಳೆಯುತ್ತಾ ಹೋಗುತ್ತದೆ. ಅಂಚು ಬಂದೊಡನೆ ಆ ಬೆರಳನ್ನು ಎತ್ತಿ, ನಡುವಿಗೆ ತಂದಿಟ್ಟು, ಮತ್ತೆ ಎಳೆಯಬೇಕು. ಬಾವಿಯಿಂದ ನೀರು ಸೇದುವಾಗ ಹಗ್ಗವನ್ನು ಮೊಳ ಮೊಳವಾಗಿ ಜಗ್ಗುವ ಹಾಗೆ, ಪ್ರತಿ ಹಿಡಿತಕ್ಕೂ ಒಂದು ತಡೆ. ಪೂರ್ತಿ ಹಿಂದಕ್ಕೆ ತಿರುಗುವಾಗ ನೋಟ ಒಂದೆರಡು ಕಡೆ ಮುಗ್ಗರಿಸುವುದು ಇದರಿಂದಲೇ. ನೋಟ ಎಷ್ಟು ಬೇಗ ತಿರುಗಬೇಕೆಂಬ ಸೆನ್ಸಿಟಿವಿಟಿ ಏರಿಸಿದರೆ ಮುಗ್ಗರಿಸುವುದು ಕಡಿಮೆಯಾಗುತ್ತದೆ, ಆದರೆ ಸಣ್ಣ ಗುರಿ ಕೈತಪ್ಪುತ್ತದೆ. ಆಟದ ಕಂಪನಿಯವರು ಇದನ್ನು ಮೋಸವೆಂದು ಬಗೆದರೆ ಖಾತೆ ಬ್ಯಾನ್ ಆಗುವ ಅಪಾಯ ಬೇರೆ. ಅಗ್ಗದ ಹಲವು ಕಂಟ್ರೋಲರುಗಳ ಡಬ್ಬದ ಮೇಲೆ 'ಎಲ್ಲ ಆಟಕ್ಕೂ ಆಗುತ್ತದೆ' ಎಂದು ಬರೆದಿರುವುದು ಈ ಕಿಟಕಿಯನ್ನು ನಂಬಿಕೊಂಡೇ.

ಆದ್ದರಿಂದ ಬಿಜಿಎಂಐ ಒಂದನ್ನೇ ಆಡುವವರು ಕಂಟ್ರೋಲರ್ ಕೊಳ್ಳದಿರುವುದು ಲೇಸು. ಹೆಬ್ಬೆರಳಿನ ಭಾರ ಇಳಿಸಲು ಅಲ್ಲಿ ಬೇರೆ ಉಪಾಯಗಳಿವೆ. ಬೆವರುವ ಕೈಯವರಿಗೆ ಫಿಂಗರ್ ಸ್ಲೀವ್. ವಿದ್ಯುತ್ ಹರಿಯಬಲ್ಲ ನೂಲು ಹೆಣೆದ ಈ ಬೆರಳುಚೀಲ ಬೆವರಿನಲ್ಲೂ ಅಂಟದೆ ಜಾರುತ್ತದೆ. ನೂಲು ಸವೆದಾಗ ಸ್ಪರ್ಶ ಅಲ್ಲಲ್ಲಿ ಕಡಿದುಹೋಗುತ್ತದೆ, ಆಗ ಬದಲಿಸಬೇಕು, ಅಷ್ಟೆ. ಫೋನಿನ ಮೇಲಂಚಿಗೆ ಸಿಕ್ಕಿಸುವ ಟ್ರಿಗರ್ ಜೋಡಿ ಇನ್ನೊಂದು. ತೋರುಬೆರಳಿನಿಂದ ಒತ್ತಿದರೆ ಅದರ ಪುಟ್ಟ ಪ್ಯಾಡ್ ಪರದೆಯ ಮೇಲಿನ ಫೈರ್ ಬಟನ್ ಮುಟ್ಟುತ್ತದೆ. ಗಾಜಿನ ಸ್ಕ್ರೀನ್ ಗಾರ್ಡ್ ದಪ್ಪವಿದ್ದರೆ ಇದು ಆಗಾಗ ಕೈಕೊಡುತ್ತದೆ, ಬಾಗಿದ ಪರದೆಯಲ್ಲಿ ಕೂರುವುದೇ ಇಲ್ಲ. ಇವೆರಡಕ್ಕಿಂತ ಮೇಲಾದದ್ದು ಪುಕ್ಕಟೆಯದು: ನಾಲ್ಕು ಬೆರಳಿನ ಹಿಡಿತ ಮತ್ತು ಗೈರೋ, ಅಂದರೆ ಫೋನ್ ವಾಲಿಸಿದತ್ತ ನೋಟ ಸರಿಯುವ ಸೌಲಭ್ಯ. ಹೆಬ್ಬೆರಳುಗಳು ನಡೆಯಲಿ, ನೋಡಲಿ. ತೋರುಬೆರಳುಗಳು ಮೇಲಿನಿಂದ ಫೈರ್, ಸ್ಕೋಪ್ ನೋಡಿಕೊಳ್ಳಲಿ. ಬಂದೂಕು ಮೇಲಕ್ಕೆ ಒದೆಯುವುದನ್ನು ಫೋನ್ ಬಾಗಿಸಿಯೇ ಹಿಡಿಯಿರಿ. ಒಂದೆರಡು ವಾರ ಕೈ ನೋಯುತ್ತದೆ, ಆಮೇಲೆ ಒಗ್ಗುತ್ತದೆ.

ಆಟವೇ ಕಂಟ್ರೋಲರಿಗೆ ಒಪ್ಪಿದೆ ಎನ್ನುವವರ ಮುಂದೆ ಎರಡು ಆಕಾರಗಳಿವೆ. ಒಂದು, ಫೋನನ್ನು ನಡುವಿಗೆ ಸಿಕ್ಕಿಸಿಕೊಂಡು ಎರಡೂ ಬದಿ ಹಿಡಿಯುವ, ಎಳೆದರೆ ಉದ್ದವಾಗುವ ಬಗೆ. ಬ್ಯಾಕ್‌ಬೋನ್ ಒನ್, ರೇಜರ್ ಕಿಶಿ, ಗೇಮ್‌ಸರ್‌ನವರ ಎಕ್ಸ್2, ಜಿ8 ಈ ಜಾತಿಯವು. ಇನ್ನೊಂದು, ಟಿವಿಯ ಮುಂದೆ ಆಡುವ ಮಾಮೂಲಿ ಪ್ಯಾಡ್, ಬ್ಲೂಟೂತ್‌ನಲ್ಲಿ ಫೋನಿಗೆ ಜೋಡಿಸುವುದು. ಮನೆಯಲ್ಲಿ ಪಿಎಸ್4 ಇದ್ದರೆ ಎರಡನೆಯದಕ್ಕೆ ಖರ್ಚೇ ಇಲ್ಲ. ಶೇರ್ ಮತ್ತು ಪಿಎಸ್ ಬಟನ್ ಎರಡನ್ನೂ ಒಟ್ಟಿಗೆ ಒತ್ತಿ ಹಿಡಿದರೆ ದೀಪ ಬೇಗಬೇಗ ಮಿಟುಕುತ್ತದೆ, ಆಗ ಫೋನಿನ ಬ್ಲೂಟೂತ್ ಪಟ್ಟಿಯಲ್ಲಿ ಹೆಸರು ಕಾಣುತ್ತದೆ. ಮತ್ತೆ ಟಿವಿಯ ಆಟಕ್ಕೆ ಬೇಕಾದಾಗ ಪಿಎಸ್4ಗೆ ಕೇಬಲ್ ಹಾಕಿ ಪಿಎಸ್ ಬಟನ್ ಒಮ್ಮೆ ಒತ್ತಿ. ಐಫೋನಿನವರಿಗೆ ಈ ಭಾಗ್ಯ 2019ರ ಐಒಎಸ್ 13ರಿಂದ ಇದೆ.

ಸೆಕೆಂಡ್ ಹ್ಯಾಂಡ್ ಎಕ್ಸ್‌ಬಾಕ್ಸ್ ಒನ್ ಪ್ಯಾಡ್ ಕೊಳ್ಳುವವರು ಒಂದು ಗುರುತು ನೆನಪಿಟ್ಟುಕೊಳ್ಳಿ. ನಡುವಿನ ಎಕ್ಸ್‌ಬಾಕ್ಸ್ ಬಟನ್ ಸುತ್ತಲಿನ ಪ್ಲಾಸ್ಟಿಕ್, ಮೇಲಿನ ಬಂಪರ್ ಬಟನ್‌ಗಳ ತುಂಡಿಗೆ ಸೇರಿಕೊಂಡಂತಿದ್ದರೆ ಅದರಲ್ಲಿ ಬ್ಲೂಟೂತ್ ಇಲ್ಲ. ಮುಂಭಾಗದ ಮೈಗೇ ಸೇರಿದ್ದರೆ ಇದೆ. ಇಷ್ಟು ತಿಳಿಯದೆ ತಂದವರು ಮನೆಗೆ ಬಂದು ಜೋಡಿಸುವ ಬಟನ್ ಒತ್ತಿ ಒತ್ತಿ ಸುಸ್ತಾಗುತ್ತಾರೆ.

ಮಾಮೂಲಿ ಪ್ಯಾಡಿನ ತಲೆಯ ಮೇಲೆ ಕ್ಲಿಪ್ ಹಾಕಿ ಫೋನ್ ನಿಲ್ಲಿಸುವವರು ಬಹಳ. ಇನ್ನೂರು ಗ್ರಾಂ ಆಸುಪಾಸಿನ ಫೋನ್ ಪ್ಯಾಡಿನ ಮೇಲೆ ಕುಳಿತರೆ ಅದರ ತೂಕವೆಲ್ಲ ಮುಂದಕ್ಕೆ ವಾಲುತ್ತದೆ, ಅರ್ಧ ಗಂಟೆಯಲ್ಲಿ ಮಣಿಕಟ್ಟು ದೂರು ಹೇಳುತ್ತದೆ. ಅದಕ್ಕಿಂತ ಫೋನನ್ನು ಮೇಜಿನ ಮೇಲೆ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಪ್ಯಾಡ್ ಮಡಿಲಲ್ಲಿ ಇಟ್ಟುಕೊಳ್ಳಿ. ಫೋನಿನ ಗೈರೋ ಆಗ ಸಿಗುವುದಿಲ್ಲ, ಫೋನ್ ಅಲುಗುವುದೇ ಇಲ್ಲವಲ್ಲ.

ಬಸ್ಸಿನಲ್ಲಿ, ಹಾಸಿಗೆಯಲ್ಲಿ, ಜಗಲಿಯಲ್ಲಿ ಆಡುವವರಿಗೆ ಸಿಕ್ಕಿಸುವ ಬಗೆಯೇ ಸರಿ. ಇದನ್ನು ಕೊಳ್ಳುವ ಮುನ್ನ ಕೈಯಲ್ಲಿ ಸ್ಕೇಲ್ ಹಿಡಿಯಿರಿ. ಫೋನಿನ ಉದ್ದ ಮಿಲಿಮೀಟರಿನಲ್ಲಿ ಎಷ್ಟು? ಈಗಿನವು ಸಾಮಾನ್ಯವಾಗಿ 160ರಿಂದ 165. ಕಂಟ್ರೋಲರ್ ಎಳೆದಾಗ ಅದಕ್ಕಿಂತ ಹೆಚ್ಚು ಅಗಲವಾಗಬೇಕು. ದಪ್ಪನೆಯ ಬ್ಯಾಕ್ ಕವರ್ ಹಾಕಿದ್ದರೆ ಯುಎಸ್‌ಬಿ-ಸಿ ಪಿನ್ ಪೂರ್ತಿ ಒಳಗೆ ಕೂರುವುದಿಲ್ಲ, ಅರ್ಧ ಕೂತ ಪಿನ್ ಗುಂಡು ಹಾರಿಸುವ ಹೊತ್ತಿಗೇ ಕಳಚುತ್ತದೆ. ಕವರ್ ತೆಗೆಯುವುದೇ ಒಳ್ಳೆಯದು, ಶಾಖವೂ ಹೊರಹೋಗುತ್ತದೆ. ಕ್ಯಾಮೆರಾ ಉಬ್ಬು ಕಂಟ್ರೋಲರಿನ ಬೆನ್ನಿಗೆ ತಾಗಿ ಫೋನ್ ಓರೆಯಾಗುತ್ತದೆಯೇ ಎಂದೂ ನೋಡಿ. ಫೋನ್ ಓರೆಯಾಗಿ ಕೂತರೆ ಭಾರವೆಲ್ಲ ಆ ಸಣ್ಣ ಪಿನ್ನಿನ ಮೇಲೆ ಬೀಳುತ್ತದೆ. ಐಫೋನಾದರೆ 15ರಿಂದ ಮುಂದಿನವು ಯುಎಸ್‌ಬಿ-ಸಿ, ಹಿಂದಿನವು ಲೈಟ್ನಿಂಗ್, ಕಂಟ್ರೋಲರೂ ಅದಕ್ಕೆ ತಕ್ಕದ್ದೇ ಬೇಕು.

ಸಿಕ್ಕಿಸಿದ ಮೇಲೆ ದೀಪವೇ ಹತ್ತದಿದ್ದರೆ ಅಂಗಡಿಯವನ ಮೇಲೆ ಹರಿಹಾಯುವ ಮೊದಲು ಫೋನಿನ ಸೆಟ್ಟಿಂಗ್ಸ್‌ನಲ್ಲಿ ಓಟಿಜಿ ಎಂದು ಹುಡುಕಿ, ಫೋನಿನ ಯುಎಸ್‌ಬಿ ತೂತಿಗೆ ಬೇರೆ ಸಾಧನ ಜೋಡಿಸಲು ಬಿಡುವ ಸೌಲಭ್ಯವದು. ಒಪ್ಪೋ, ಒನ್‌ಪ್ಲಸ್, ರಿಯಲ್‌ಮಿಯ ಎಷ್ಟೋ ಫೋನುಗಳಲ್ಲಿ ಅದನ್ನು ನಾವೇ ಆನ್ ಮಾಡಬೇಕು. ಹತ್ತು ನಿಮಿಷ ಬಳಸದಿದ್ದರೆ ತಾನೇ ಆಫ್ ಆಗುವ ಗುಣವೂ ಅವಕ್ಕಿದೆ. 'ನಿನ್ನೆ ನಡೆಯುತ್ತಿತ್ತು, ಇವತ್ತು ಸತ್ತಿದೆ' ಎಂದು ವಾಪಸ್ ಹೋಗುವ ಕಂಟ್ರೋಲರುಗಳಲ್ಲಿ ಕೆಲವು ಬದುಕಿಯೇ ಇರುತ್ತವೆ.

ತಂತಿಯೋ ಬ್ಲೂಟೂತೋ ಎಂಬ ಜಗಳಕ್ಕೆ ಅಂತರ್ಜಾಲದಲ್ಲಿ ಕೊನೆಯಿಲ್ಲ. ಆಟ ಸೆಕೆಂಡಿಗೆ 60 ಫ್ರೇಮಿನಲ್ಲಿ ಓಡುವಾಗ ಒಂದು ಫ್ರೇಮ್ ಎಂದರೆ 16.7 ಮಿಲಿಸೆಕೆಂಡು. ಒಳ್ಳೆಯ ಬ್ಲೂಟೂತ್ ಪ್ಯಾಡಿನ ತಡ ಹೆಚ್ಚುಕಡಿಮೆ ಅಷ್ಟೇ. ಪರದೆಯ ಮೂಲೆಯಲ್ಲಿ ಪಿಂಗ್, ಅಂದರೆ ಸಂದೇಶ ಆಟದ ಸರ್ವರಿಗೆ ಹೋಗಿ ಬರುವ ತಡ, 80 ಮಿಲಿಸೆಕೆಂಡು ಎಂದು ತೋರಿಸುತ್ತಿರುವಾಗ ಇದನ್ನು ಹಿಡಿದು ಎಳೆದಾಡುವುದು ಕುಣಿಯಲಾರದವಳು ನೆಲ ಡೊಂಕು ಎಂದ ಹಾಗಾಯಿತು. ನಿಜವಾಗಿ ಕಾಡುವ ತಡ ಕಿವಿಯದು. ಸಾಧಾರಣ ಬ್ಲೂಟೂತ್ ಇಯರ್‌ಬಡ್‌ನಲ್ಲಿ ಸದ್ದು ನೂರು-ಇನ್ನೂರು ಮಿಲಿಸೆಕೆಂಡು ತಡವಾಗಿ ಬರುತ್ತದೆ. ಹೆಜ್ಜೆ ಸಪ್ಪಳ ಕೇಳುವ ಹೊತ್ತಿಗೆ ಹೆಜ್ಜೆಯವನು ಬೆನ್ನ ಹಿಂದಿರುತ್ತಾನೆ. ಅದಕ್ಕೇ ಕಂಟ್ರೋಲರಿನಲ್ಲಿ 3.5 ಎಂಎಂ ಹೆಡ್‌ಫೋನ್ ತೂತು ಇದ್ದರೆ ಅದಕ್ಕೆ ಐನೂರು ರೂಪಾಯಿ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಕೆಳಗಿರುವ ಇನ್ನೊಂದು ಯುಎಸ್‌ಬಿ ತೂತು ಸಾಮಾನ್ಯವಾಗಿ ಚಾರ್ಜಿಗೆ ಮಾತ್ರ, ಅದಕ್ಕೆ ಇಯರ್‌ಫೋನ್ ಚುಚ್ಚಿದರೆ ಸದ್ದು ಬಾರದು. ಬ್ಲೂಟೂತ್ ಪ್ಯಾಡ್ ಬಳಸುವವರು ಮನೆಯ ವೈಫೈಯನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಲಿ. ಬ್ಲೂಟೂತೂ ಹಳೆಯ ವೈಫೈಯೂ 2.4ರ ಅದೇ ಹಾದಿಯಲ್ಲಿ ನೂಕಾಡುತ್ತವೆ.

ಇನ್ನು ಸ್ಟಿಕ್. ಕಂಟ್ರೋಲರಿನ ಬೆಲೆಯೆಲ್ಲ ಇಲ್ಲೇ ತೀರ್ಮಾನವಾಗಬೇಕು, ಬಣ್ಣಬಣ್ಣದ ದೀಪದಲ್ಲಲ್ಲ. ಹಳೆಯ ಪದ್ಧತಿಯ ಸ್ಟಿಕ್ಕಿನೊಳಗೆ ಇಂಗಾಲದ ಪಟ್ಟಿಯೊಂದರ ಮೇಲೆ ಲೋಹದ ನಾಲಿಗೆ ಉಜ್ಜುತ್ತಾ ಸಾಗುತ್ತದೆ. ಸವೆದು ಪುಡಿ ಎದ್ದ ಮೇಲೆ ಸ್ಟಿಕ್ ನಡುವಿನಲ್ಲಿ ಸುಮ್ಮನೆ ನಿಂತಿದ್ದರೂ ನೋಟ ಒಂದು ಕಡೆಗೆ ಹರಿಯುತ್ತದೆ. ಡ್ರಿಫ್ಟ್ ಎಂದರೆ ಇದೇ. ಹಾಲ್ ಎಫೆಕ್ಟ್ ಸ್ಟಿಕ್ಕಿನಲ್ಲಿ ಅಯಸ್ಕಾಂತ ಇರುತ್ತದೆ, ಅದು ಸರಿದದ್ದನ್ನು ಸೆನ್ಸರ್ ಮುಟ್ಟದೆಯೇ ತಿಳಿಯುತ್ತದೆ, ಉಜ್ಜುವುದೂ ಇಲ್ಲ, ಸವೆಯುವುದೂ ಇಲ್ಲ. ಟಿಎಂಆರ್ ಎಂದು ಈಚೆಗೆ ಬರುತ್ತಿರುವುದೂ ಅಯಸ್ಕಾಂತದ್ದೇ, ಬ್ಯಾಟರಿ ಕಡಿಮೆ ತಿನ್ನುತ್ತದೆ. ಆದರೆ ನಡುವಿಗೆ ಮರಳಿಸುವ ಸ್ಪ್ರಿಂಗ್ ಎಲ್ಲದರಲ್ಲೂ ಇದೆ. ಅದು ಸಡಿಲವಾದರೆ ಅಯಸ್ಕಾಂತ ಏನೂ ಮಾಡಲಾರದು. ಶೂಟರ್ ಆಟಕ್ಕೆ ಬಲ ಸ್ಟಿಕ್ ತುಸು ಎತ್ತರವಿದ್ದಷ್ಟೂ ಒಳ್ಳೆಯದು: ಅದೇ ಕೋನಕ್ಕೆ ಹೆಬ್ಬೆರಳು ಹೆಚ್ಚು ದೂರ ಸಾಗಬೇಕಾಗುವುದರಿಂದ ಸಣ್ಣ ತಿದ್ದುಪಡಿ ಸುಲಭ. ಸಿಕ್ಕಿಸುವ ಬಗೆಯವುಗಳಲ್ಲಿ ಜೇಬಿಗೆ ಹಿಡಿಸಲೆಂದು ಗಿಡ್ಡ ಸ್ಟಿಕ್ ಇಡುವ ಚಾಳಿ ಇದೆ. ದೂರದ ಗುರಿಗೆ ಅದು ಶತ್ರು.

ಟ್ರಿಗರಿನ ವಿಷಯದಲ್ಲಿ ಕಾರ್ ಓಡಿಸುವವರ ಮಾತು ಕೇಳಬೇಡಿ. ಅವರಿಗೆ ಆಳಕ್ಕೆ ಇಳಿಯುವ ಟ್ರಿಗರ್ ಬೇಕು, ಗ್ಯಾಸ್ ಅರ್ಧವೋ ಮುಕ್ಕಾಲೋ ಕೊಡಬೇಕಲ್ಲ. ಬಂದೂಕಿಗೆ ಅರ್ಧ ಗುಂಡು ಎಂಬುದಿಲ್ಲ. ಮೌಸ್ ಕ್ಲಿಕ್ಕಿನ ಹಾಗೆ ಟಕ್ಕೆನ್ನುವ ಗಿಡ್ಡ ಟ್ರಿಗರ್, ಇಲ್ಲವೇ ಹಿಂಬದಿಯ ಸ್ವಿಚ್ಚಿನಿಂದ ಆಳ ಕಡಿಮೆ ಮಾಡಬಹುದಾದದ್ದು ಸಾಕು. ಬೆನ್ನಿನ ಮೇಲೆ ಎರಡು ಹೆಚ್ಚಿನ ಬಟನ್ ಇದ್ದರೆ ಕುಪ್ಪಳಿಸುವುದನ್ನೂ ಜಾರುವುದನ್ನೂ ಅವಕ್ಕೆ ವಹಿಸಿ. ಬಲ ಹೆಬ್ಬೆರಳು ಸ್ಟಿಕ್ ಬಿಟ್ಟು ಎದ್ದ ಕ್ಷಣದಲ್ಲೇ ಹೆಚ್ಚು ಸಾವು ಸಂಭವಿಸುವುದು.

ತಂದ ದಿನವೇ ನಿಪುಣರಾಗುವ ಆಸೆ ಬೇಡ. ಬೆರಳಿನ ಅಭ್ಯಾಸದಿಂದ ಸ್ಟಿಕ್ಕಿನ ಅಭ್ಯಾಸಕ್ಕೆ ಬಂದವರು ಮೊದಮೊದಲು ಮುಂಚಿಗಿಂತ ಕೆಟ್ಟದಾಗಿಯೇ ಆಡುತ್ತಾರೆ. ಸೆನ್ಸಿಟಿವಿಟಿ ಕಡಿಮೆಯಿಂದ ಶುರು ಮಾಡಿ. ಅಡ್ಡಕ್ಕೆ ಇರುವುದಕ್ಕಿಂತ ಮೇಲೆ-ಕೆಳಕ್ಕೆ ತುಸು ಕಡಿಮೆ, ಸ್ಕೋಪಿನೊಳಗೆ ಇನ್ನೂ ಕಡಿಮೆ. ಡೆಡ್ ಝೋನ್, ಅಂದರೆ ಸ್ಟಿಕ್ ಎಷ್ಟು ಅಲುಗಿದರೂ ಆಟ ಲೆಕ್ಕಕ್ಕೆ ತೆಗೆದುಕೊಳ್ಳದ ನಡುವಿನ ಜಾಗ, ಅದನ್ನು ಸೊನ್ನೆಯಲ್ಲಿಟ್ಟು, ಕೈ ಬಿಟ್ಟಾಗ ನೋಟ ಹರಿಯುತ್ತದೆಯೇ ನೋಡಿ. ಹರಿದರೆ ಒಂದೊಂದೇ ಅಂಕಿ ಏರಿಸಿ, ನಿಂತ ಕಡೆ ಬಿಡಿ.

ಇಷ್ಟನ್ನೂ ವಾಪಸ್ ಕೊಡುವ ಅವಧಿಯೊಳಗೆ ಮಾಡಿ ಮುಗಿಸಬೇಕು, ಆನ್‌ಲೈನಿನಲ್ಲಿ ತರಿಸಿದರೂ ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಚೌಕಾಶಿ ಮಾಡಿ ತಂದರೂ. ಗೇಮ್‌ಪ್ಯಾಡ್ ಟೆಸ್ಟರ್ ಎಂದು ಹುಡುಕಿದರೆ ಪುಕ್ಕಟೆ ಆ್ಯಪ್‌ಗಳು ಸಿಗುತ್ತವೆ. ಸ್ಟಿಕ್ಕನ್ನು ನಾಲ್ಕೂ ದಿಕ್ಕಿಗೆ ಹತ್ತತ್ತು ಸಲ ಚಿಮ್ಮಿ ಬಿಡಿ. ನಿಂತಾಗ ಅಂಕಿ 0.05ರ ಒಳಗಿರಬೇಕು, 0.10 ದಾಟಿದರೆ ಬೇರೆ ಮಾತಿಲ್ಲದೆ ವಾಪಸ್ ಕೊಡಿ. ಪೂರ್ತಿ ವಾಲಿಸಿದಾಗ 1.00 ಮುಟ್ಟಬೇಕು. ನಿಧಾನವಾಗಿ ಒಂದು ಸುತ್ತು ತಿರುಗಿಸಿ: ಚುಕ್ಕಿ ನುಣ್ಣಗೆ ಚಲಿಸದೆ ಎಂಟು ದಿಕ್ಕಿಗೆ ಹಾರಿ ಹಾರಿ ನಿಂತರೆ ಅದು ಪಿಎಸ್4 ಪ್ಯಾಡಿನ ಡ್ಯುಯಲ್‌ಶಾಕ್ ಎಂಬ ಹೆಸರು ಹೊತ್ತ ನಕಲಿ ಮಾಲಿರಬಹುದು. ಕೊನೆಗೆ ಎಲ್ಲ ಬಟನ್‌ಗಳನ್ನೂ ಒಂದೊಂದಾಗಿ ಒತ್ತಿ. 'ಎ' ಒತ್ತಿದರೆ 'ಬಿ' ಎಂದು ತೋರಿಸಿದರೆ ಕೆಟ್ಟಿದೆ ಎಂದುಕೊಳ್ಳಬೇಡಿ, ಕಂಟ್ರೋಲರ್ ನಿಂಟೆಂಡೊ ಮೋಡ್‌ನಲ್ಲಿ ಆನ್ ಆಗಿರುತ್ತದೆ. ಜೊತೆಗೆ ಬಂದ ಚೀಟಿಯಲ್ಲಿ ಆಂಡ್ರಾಯ್ಡ್ ಮೋಡ್‌ಗೆ ಯಾವ ಎರಡು ಬಟನ್ ಹಿಡಿಯಬೇಕೆಂದು ಬರೆದಿರುತ್ತದೆ. ಆ ಚೀಟಿಯನ್ನು ಡಬ್ಬದ ಜೊತೆ ಎಸೆಯಬೇಡಿ.