ಬಕಾಸುರ ಕೋಬೆಗೆ ಬಂದದ್ದು

ದಾವಣಗೆರೆಯಲ್ಲಿರುವ ಅಮ್ಮನಿಗೆ ಇಂಟರ್ನ್‌ಶಿಪ್ ಎಂದರೇನು ಎಂದು ತಿಳಿಸಿ ಹೇಳಲು ನನಗೆ ಮೂರು ಫೋನ್ ಕರೆ ಹಿಡಿಯಿತು.

"ಸಂಬಳ ಎಷ್ಟು?"

"ಸಂಬಳ ಇಲ್ಲಮ್ಮ. ರೈಲಿನ ಖರ್ಚು ಕೊಡುತ್ತಾರೆ. ಓದಿಗೆ ಎರಡು ಕ್ರೆಡಿಟ್ ಸೇರುತ್ತದೆ."

"ಕೆಲಸ ಏನು?"

"ಬೇರೆ ಬೇರೆ ದೇಶದವರಿಗೂ ಇಲ್ಲಿನವರಿಗೂ ಸ್ನೇಹ ಬೆಳೆಸುವುದು."

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಮನೆಗೆ ನೆಂಟರು ಬಂದರೆ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಿದ್ದೆಯಲ್ಲ, ನಿನಗೆ ಈ ಕೆಲಸ ಕೊಟ್ಟವರು ಯಾರು?"

ಕೊಟ್ಟವರು ಜಪಾನಿನ ಕೋಬೆ ನಗರದ ಒಂದು ಸೇವಾ ಸಂಸ್ಥೆಯವರು. ನಿಜ ಹೇಳಬೇಕೆಂದರೆ, ಈ ಊರಿಗೆ ಪರದೇಶದವರ ಸಹವಾಸ ಕಲಿಸಲು ನನ್ನ ಅಗತ್ಯವೇನೂ ಇರಲಿಲ್ಲ. 1868ರಲ್ಲೇ ಇದರ ಬಂದರು ಹೊರಗಿನ ಹಡಗುಗಳಿಗೆ ತೆರೆದುಕೊಂಡಿತ್ತು. 1923ರ ಭೂಕಂಪದಲ್ಲಿ ಯೊಕೊಹಾಮಾ ನೆಲಸಮವಾದಾಗ ಅಲ್ಲಿನ ಭಾರತೀಯ ವರ್ತಕರು ಗಂಟುಮೂಟೆ ಕಟ್ಟಿಕೊಂಡು ಬಂದದ್ದು ಇಲ್ಲಿಗೆ. ಕಿತಾನೊ ಎಂಬ ಏರು ಬೀದಿಗಳ ಬಡಾವಣೆಯಲ್ಲಿ ನಡೆಯುತ್ತಾ ಹೋದರೆ 1935ರ ಮಸೀದಿಯೂ ಸಿಗುತ್ತದೆ, ಬಿಳಿ ಅಮೃತಶಿಲೆಯ ಜೈನ ಬಸದಿಯೂ ಸಿಗುತ್ತದೆ.

ನಮ್ಮಂಥ ಸಂಸ್ಥೆಗಳು ಹುಟ್ಟಿದ್ದಕ್ಕೂ ಭೂಕಂಪವೇ ಕಾರಣ. 1995ರ ಜನವರಿ 17ರ ಬೆಳಗಿನ ಜಾವ ಈ ನಗರ ಕುಸಿದಾಗ ಆರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಬದುಕುಳಿದ ಪರದೇಶದವರಿಗೆ ನೀರು ಎಲ್ಲಿ ಸಿಗುತ್ತದೆ, ಎಲ್ಲಿಗೆ ಹೋಗಬೇಕು ಎಂಬ ಸೂಚನೆಗಳೇ ಅರ್ಥವಾಗಲಿಲ್ಲ. ಸಹಾಯಕ್ಕೆಂದು ಎಲ್ಲೆಲ್ಲಿಂದಲೋ ಬಂದ ಸ್ವಯಂಸೇವಕರ ದೆಸೆಯಿಂದ 1998ರಲ್ಲಿ ಲಾಭರಹಿತ ಸಂಸ್ಥೆಗಳಿಗೆಂದೇ ಒಂದು ಕಾನೂನು ಬಂತು. 'ಸುಲಭ ಜಪಾನಿ' ಎಂಬ ಬರವಣಿಗೆಯ ಕ್ರಮವೂ ಆ ಅನುಭವದಿಂದಲೇ ಬೆಳೆಯಿತು. 'ಎತ್ತರದ ಪ್ರದೇಶಕ್ಕೆ ಸ್ಥಳಾಂತರಗೊಳ್ಳತಕ್ಕದ್ದು' ಎಂಬುದನ್ನು 'ಎತ್ತರದ ಜಾಗಕ್ಕೆ ಓಡಿ' ಎಂದು ಬರೆಯುವುದೇ ಅದರ ಗುಟ್ಟು. (ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ನಮ್ಮ ಸರ್ಕಾರಿ ಸುತ್ತೋಲೆಗಳನ್ನು ಬರೆಯುವವರಿಗೆ ಇದನ್ನು ಯಾರಾದರೂ ಕಲಿಸಬಾರದೇ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.)

ಕಚೇರಿಯಲ್ಲಿ ನನ್ನ ಕೆಲಸ ನೋಡಿಕೊಳ್ಳುತ್ತಿದ್ದವರು ಅರವತ್ತು ದಾಟಿದ ಒಬ್ಬ ಮಹಿಳೆ. ಮನಸ್ಸಿನಲ್ಲೇ ಅವರಿಗೆ ದೊಡ್ಡಮ್ಮ ಎಂದು ಹೆಸರಿಟ್ಟಿದ್ದೆ. ಮೊದಲ ದಿನ ಒಳಗೆ ಕಾಲಿಟ್ಟವನೇ ಎಲ್ಲರಿಗೂ ಉತ್ಸಾಹದಿಂದ "ಹಾಯ್" ಎಂದೆ. ಜಪಾನಿಯಲ್ಲಿ 'ಹಾಯ್' ಎಂದರೆ 'ಹೌದು'. ಕೇಳದ ಪ್ರಶ್ನೆಗೆ ಉತ್ತರ ಬಂದಂತಾಗಿ, ಪ್ರಶ್ನೆ ಕೇಳಿದವರು ಯಾರೆಂದು ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ದೊಡ್ಡಮ್ಮ ನನ್ನನ್ನು ಕೂರಿಸಿಕೊಂಡು ಫೋಟೋಕಾಪಿ ಯಂತ್ರ ಬಳಸುವ ಬಗೆ ವಿವರಿಸಿದರು. ಅರ್ಥವಾಯಿತು ಎನ್ನಲು ನಮ್ಮೂರಿನವರ ಹಾಗೆ ತಲೆಯನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ವಾಲಿಸಿದೆ. ಅವರು ಮತ್ತೆ ಮೊದಲಿನಿಂದ ವಿವರಿಸಿದರು. ನಾನು ಇನ್ನೂ ವಿನಯದಿಂದ, ಇನ್ನಷ್ಟು ವಾಲಿಸಿದೆ. ಮೂರನೆಯ ಸಲ ಅವರು ಚಿತ್ರ ಬರೆದು ತೋರಿಸಿದರು. ನಾಲ್ಕನೆಯ ಸಲ ಪಕ್ಕದ ಮೇಜಿನಿಂದ ಇಂಗ್ಲಿಷ್ ಬಲ್ಲವರೊಬ್ಬರನ್ನು ಕರೆಸಿದರು. ಆ ದೇಶದಲ್ಲಿ ತಲೆ ವಾಲಿಸುವುದೆಂದರೆ 'ಯಾಕೋ ತಲೆಗೆ ಹತ್ತುತ್ತಿಲ್ಲ' ಎಂದು ಹೇಳಿದಂತೆ. ಒಂದು ಗುಂಡಿ ಒತ್ತುವುದನ್ನು ಕಲಿಯಲು ಮುಕ್ಕಾಲು ಗಂಟೆ ತೆಗೆದುಕೊಂಡ ಸ್ನಾತಕೋತ್ತರ ವಿದ್ಯಾರ್ಥಿ ಎಂಬ ಖ್ಯಾತಿ ಊಟದ ಹೊತ್ತಿಗೆಲ್ಲ ಕಚೇರಿಯಿಡೀ ಹರಡಿತ್ತು.

ಆಮೇಲೆ ದೋಸೆಯ ಪ್ರಸಂಗ. ಸಭಾಂಗಣದಲ್ಲಿ ಬೆಣ್ಣೆ ದೋಸೆ ಮಾಡಿ ತೋರಿಸುತ್ತೇನೆ ಎಂದು ಸೂಚಿಸಿದೆ. "ಅದು ಸ್ವಲ್ಪ ಕಷ್ಟ, ಅಲ್ಲವೇ" ಎಂದರು ದೊಡ್ಡಮ್ಮ. ಸ್ವಲ್ಪವೇ ತಾನೇ ಎಂದುಕೊಂಡು ಮೂರು ಪುಟದ ಯೋಜನೆ ಬರೆದುಕೊಟ್ಟೆ. ಓದಿ, ತುಂಬ ಹೊಗಳಿ, "ಆದರೂ ಸ್ವಲ್ಪ ಕಷ್ಟ" ಎಂದರು. ಕಾವಲಿಯ ಅಳತೆ, ಬೆಣ್ಣೆಯ ತೂಕ, ಹೊಗೆ ಹೋಗಲು ತೆರೆಯಬೇಕಾದ ಕಿಟಕಿಗಳ ನಕ್ಷೆ ಎಲ್ಲವನ್ನೂ ಸೇರಿಸಿ ಏಳು ಪುಟ ಮಾಡಿದೆ. ಕೊನೆಗೆ ನನ್ನ ಜೊತೆ ಕೆಲಸ ಮಾಡುತ್ತಿದ್ದ ವಿಯೆಟ್ನಾಮಿನ ಹುಡುಗಿಗೆ ಕರುಣೆ ಬಂತು. "ಅವರು ಮೊದಲ ದಿನವೇ ಬೇಡ ಎಂದಿದ್ದಾರೆ" ಎಂದಳು. ನನಗೆ ನಾಚಿಕೆಯಾದದ್ದು ಅದಕ್ಕಲ್ಲ. 'ನೋಡೋಣ' ಎಂದರೆ 'ಇಲ್ಲ' ಎಂದು ಹುಟ್ಟಿನಿಂದಲೇ ತಿಳಿದ ನಾಡಿನಿಂದ ಹೋದವನು ನಾನು. ಮಗಳ ಮದುವೆಗೆ ಸಾಲ ಕೇಳಿದವರಿಗೆ ನಮ್ಮ ತಾತ ಹದಿನೈದು ವರ್ಷ 'ನೋಡೋಣ' ಎಂದೇ ಕಾಲ ತಳ್ಳಿದವರು. ಅವರ ಮೊಮ್ಮಗನಿಗೆ ಇಷ್ಟು ತಿಳಿಯಲಿಲ್ಲ.

ದೋಸೆ ತಪ್ಪಿದ್ದಕ್ಕೆ ಸಮಾಧಾನವೆಂಬಂತೆ ಕಸದ ಕೈಪಿಡಿ ಸಿಕ್ಕಿತು. ಸುಡುವ ಕಸ, ಸುಡದ ಕಸ, ಡಬ್ಬಿ-ಬಾಟಲಿ, ಪ್ಲಾಸ್ಟಿಕ್ ಹೊದಿಕೆ ಎಂದು ಕೋಬೆಯಲ್ಲಿ ಕಸಕ್ಕೂ ಜಾತಿಗಳುಂಟು. ಒಂದೊಂದಕ್ಕೂ ಬೇರೆ ಚೀಲ, ಬೇರೆ ದಿನ. ಬೆಳಗ್ಗೆ ಎಂಟರೊಳಗೆ ಇಟ್ಟರೆ ಇಟ್ಟಿರಿ, ಇಲ್ಲದಿದ್ದರೆ ಮುಂದಿನ ಸರದಿಗೆ. ಇದನ್ನೆಲ್ಲ ಹೊಸದಾಗಿ ಬಂದ ಪರದೇಶದವರಿಗಾಗಿ ಸುಲಭ ಜಪಾನಿಯಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆಯಬೇಕಾಗಿತ್ತು. ಒಂದು ತಿಂಗಳು ಕುಳಿತು ಬರೆದೆ. ಅಚ್ಚಾಗಿ ಬಂದ ವಾರವೇ ನನ್ನ ಕಸದ ಚೀಲವನ್ನು ಲಾರಿಯವರು ಮುಟ್ಟದೆ, ಮೇಲೊಂದು ಎಚ್ಚರಿಕೆಯ ಚೀಟಿ ಅಂಟಿಸಿ ಹೋಗಿದ್ದರು. ಸುಡುವ ಕಸದ ನಡುವೆ ಕೊಬ್ಬರಿ ಎಣ್ಣೆಯ ಪ್ಲಾಸ್ಟಿಕ್ ಬಾಟಲಿ ಅವಿತುಕೊಂಡಿತ್ತು. ಚೀಲವನ್ನು ಕದ್ದುಮುಚ್ಚಿ ಮೇಲೆ ಒಯ್ಯುವಾಗ ಕೆಳಮನೆಯ ಯಜಮಾನರು ಎದುರಾದರು. ನನ್ನನ್ನು ನಿಲ್ಲಿಸಿ, ಒಳಗೆ ಹೋಗಿ ಒಂದು ಪುಸ್ತಿಕೆ ತಂದು ಕೈಗಿತ್ತರು.

"ಓದಿ ನೋಡಿ. ನಿಮ್ಮಂಥವರಿಗೂ ಅರ್ಥವಾಗುವ ಹಾಗೆ ಬರೆದಿದ್ದಾರೆ."

ನಾನು ಬರೆದ ಪುಸ್ತಿಕೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಸೊಂಟ ಬಗ್ಗಿಸಿ ಧನ್ಯವಾದ ಹೇಳಿದೆ.

ಇಷ್ಟಾದರೂ ನನ್ನ ಜಂಬ ಇಳಿದಿರಲಿಲ್ಲ. ಅದಕ್ಕೆ ಕನ್ನಡವೇ ಹೊಣೆ. ಜಪಾನಿಯಲ್ಲಿ ಕ್ರಿಯಾಪದ ನಮ್ಮಂತೆಯೇ ಕೊನೆಗೆ ಬರುತ್ತದೆ, ವಿಭಕ್ತಿಯೂ ನಾಮಪದದ ಬಾಲಕ್ಕೇ ಅಂಟುತ್ತದೆ. ಯುರೋಪಿನ ಸಹಪಾಠಿಗಳು ವಾಕ್ಯವನ್ನು ತಲೆಕೆಳಗು ಮಾಡಲು ಬೆವರುತ್ತಿದ್ದರೆ ನಾನು ಕನ್ನಡದ ವಾಕ್ಯಕ್ಕೆ ಜಪಾನಿ ಪದಗಳನ್ನು ತುಂಬಿ ಮುಗಿಸಿಬಿಡುತ್ತಿದ್ದೆ. ನಮ್ಮ ಗುಡುಗು 'ಗುಡುಗುಡು' ಎಂದರೆ ಅವರದು 'ಗೊರೊಗೊರೊ' ಎನ್ನುತ್ತದೆ. ನಮಗೆ 'ಪಳಪಳ' ಹೊಳೆಯುವುದು ಅವರಿಗೆ 'ಪಿಕಪಿಕ' ಹೊಳೆಯುತ್ತದೆ. ಅಣ್ಣತಮ್ಮಂದಿರ ಭಾಷೆ ಎಂದೇ ನಂಬಿದ್ದೆ. ಹಾಗಾಗಿ, ಮಕ್ಕಳಿಗೆ ಕಥೆ ಹೇಳುವ ಶನಿವಾರದ ಕಾರ್ಯಕ್ರಮಕ್ಕೆ ಯಾರಿಂದಲೂ ತಿದ್ದಿಸದೆ ನಾನೇ ಕಾಮಿಶಿಬಾಯ್ ಸಿದ್ಧಮಾಡಿದೆ. ಮರದ ಚೌಕಟ್ಟಿನಲ್ಲಿ ಚಿತ್ರದ ಹಾಳೆಗಳನ್ನು ಒಂದೊಂದಾಗಿ ಸರಿಸುತ್ತಾ ಕಥೆ ಹೇಳುವ ಜಪಾನಿನ ಹಳೆಯ ಕಲೆ ಅದು. ಹನ್ನೆರಡು ಚಿತ್ರ ಬರೆದೆ. ಭೀಮ ಗ್ಯಾಸ್ ಸಿಲಿಂಡರಿನಂತೆ ಕಾಣುತ್ತಿದ್ದ, ಇರಲಿ. ಕಥೆ ಬಕಾಸುರನದು. ಒಂದು ಬಂಡಿ ಅನ್ನವನ್ನು ಒಬ್ಬನೇ ತಿನ್ನುವವನು ಎಂದರೆ ಯಾವ ದೇಶದ ಮಗುವಿಗೆ ಇಷ್ಟವಾಗುವುದಿಲ್ಲ?

"ಒಂದಾನೊಂದು ಕಾಲದಲ್ಲಿ, ಬಕ ಎಂಬ ರಾಕ್ಷಸನಿದ್ದ."

ಇಪ್ಪತ್ತು ಮಕ್ಕಳು ಒಂದು ಕ್ಷಣ ಉಸಿರು ಬಿಗಿಹಿಡಿದರು. ಹಿಂದೆ ಕುಳಿತಿದ್ದ ತಾಯಂದಿರು ನೆಟ್ಟಗಾದರು.

ಜಪಾನಿಯಲ್ಲಿ 'ಬಕ' ಎಂದರೆ ಮೂರ್ಖ. ಟೋಕಿಯೊ ಕಡೆ ಅದನ್ನು ಸಲಿಗೆಯಲ್ಲಿ ಆಡುತ್ತಾರಂತೆ. ಕೋಬೆ, ಒಸಾಕಾ ಕಡೆಯವರಿಗೆ ಸಲಿಗೆಯ ಬೈಗುಳ 'ಅಹೊ'; 'ಬಕ' ಎಂದರೆ ಅವರಿಗೆ ಚುಚ್ಚುತ್ತದೆ. ಸಾಲದ್ದಕ್ಕೆ ನಮ್ಮ ಅಸುರ ಅವರಿಗೆ ಅಪರಿಚಿತನೂ ಅಲ್ಲ. ಹತ್ತಿರದ ನಾರಾದ ಕೋಫುಕುಜಿ ದೇವಾಲಯದಲ್ಲಿ ಮೂರು ಮುಖ, ಆರು ತೋಳಿನ 'ಅಶುರ'ನ ಎಂಟನೆಯ ಶತಮಾನದ ಮೂರ್ತಿಯಿದೆ. ಅದನ್ನು ನೋಡಲು ಜನ ಸಾಲುಗಟ್ಟಿ ನಿಲ್ಲುತ್ತಾರೆ. ಅಂಥವನಿಗೆ ನಾನು 'ಮೂರ್ಖ ಅಶುರ' ಎಂದು ದಪ್ಪಕ್ಷರದಲ್ಲಿ ಬರೆದು ಚೌಕಟ್ಟಿಗೆ ಹಾಕಿದ್ದೆ.

ಇದೆಲ್ಲ ಆಗ ನನಗೆ ಹೊಳೆಯಲಿಲ್ಲ. ಮಕ್ಕಳು ಕುಲುಕುಲು ನಗುತ್ತಿದ್ದುದನ್ನು ನನ್ನ ಕಥನಕೌಶಲ ಎಂದುಕೊಂಡೆ. "ಅನ್ನವನ್ನೆಲ್ಲ ತಿಂದವನು ಯಾರು?" ಎಂದು ಕೇಳಿದೆ. "ಬಕ!" ಎಂದು ಇಪ್ಪತ್ತು ಗಂಟಲು ಕೂಗಿತು. "ಕೋಣಗಳನ್ನು ನುಂಗಿದವನು ಯಾರು?" "ಬಕ!" ಮನೆಯಲ್ಲಿ ಆಡಿದರೆ ಏಟು ಬೀಳುವ ಮಾತನ್ನು ಒಬ್ಬ ಮೇಷ್ಟ್ರೇ ಹೇಳಿಸುತ್ತಿರುವಾಗ ಯಾರು ಸುಮ್ಮನಿರುತ್ತಾರೆ? ದೊಡ್ಡಮ್ಮ ಕೈಯಿಂದ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದ್ದರು, ಭುಜ ಅದುರುತ್ತಿತ್ತು. ಕಥೆ ಅವರ ಮನಸ್ಸನ್ನು ಕಲಕಿದೆ ಎಂದೇ ತಿಳಿದೆ.

ಭೀಮ ಗೆದ್ದ ಮೇಲೆ, ಮುಂದಿನ ಸಾಲಿನಲ್ಲಿದ್ದ ಒಬ್ಬ ಪುಟ್ಟ ಹುಡುಗಿ ಕೈಯೆತ್ತಿದಳು. ಅವಳೊಬ್ಬಳು ನಕ್ಕಿರಲಿಲ್ಲ. "ಊರಿನವರೆಲ್ಲ ಅವನನ್ನು ಬಕ, ಬಕ ಎಂದು ಕರೆಯುತ್ತಿದ್ದರೆ ಅವನಿಗೆ ಬೇಜಾರಾಗುವುದಿಲ್ಲವೇ? ಅದಕ್ಕೇ ಅವರನ್ನು ತಿನ್ನುತ್ತಿದ್ದನೇನೋ."

ಇದಕ್ಕೆ ವ್ಯಾಸರ ಬಳಿಯೂ ಉತ್ತರವಿರಲಾರದು. ನಾನು ತಲೆ ವಾಲಿಸಿದೆ. ಆ ದೇಶದಲ್ಲಿ ಮೊದಲ ಬಾರಿಗೆ, ಸರಿಯಾದ ಅರ್ಥದಲ್ಲಿ.

ವರದಿಯಲ್ಲಿ ದೊಡ್ಡಮ್ಮ 'ಮಕ್ಕಳು ತುಂಬ ಉತ್ಸಾಹದಿಂದ ಪಾಲ್ಗೊಂಡರು' ಎಂದಷ್ಟೇ ಬರೆದರು. ಮುಂದಿನ ತಿಂಗಳು ಕುಂಭಕರ್ಣನ ಕಥೆ ಹೇಳಲೇ ಎಂದು ಕೇಳಿದೆ. "ಅದು ಸ್ವಲ್ಪ ಕಷ್ಟ, ಅಲ್ಲವೇ" ಎಂದರು. ಈ ಸಲ ನಾನು ಯೋಜನೆ ಬರೆಯಲಿಲ್ಲ.

ಇಂಟರ್ನ್‌ಶಿಪ್ ಮುಗಿದು ತಿಂಗಳಾದ ಮೇಲೆ ಒಂದು ಸಂಜೆ ಸನ್ನೊಮಿಯಾ ನಿಲ್ದಾಣದಲ್ಲಿ ರೈಲಿಗೆ ಕಾಯುತ್ತಿದ್ದೆ. ಪ್ಲಾಟ್‌ಫಾರ್ಮ್ ತುಂಬ ಜನ, ಪಿಸುಮಾತೂ ಇಲ್ಲದ ಮೌನ. ಎಲ್ಲಿಂದಲೋ ಬಂದ ಹಳದಿ ಟೋಪಿಯ ಹುಡುಗನೊಬ್ಬ ನನ್ನತ್ತ ಬೆರಳು ತೋರಿಸಿ, ಕಂಡುಹಿಡಿದ ಸಂತೋಷದಲ್ಲಿ ಕೂಗಿದ: "ಅಮ್ಮಾ, ಬಕ ಸೆನ್ಸೇ!"

ಮೂರ್ಖ ಮೇಷ್ಟ್ರು. ಅವನ ತಾಯಿಯ ಮುಖದ ಬಣ್ಣ ಇಳಿಯಿತು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಗುರುತು ಹಿಡಿದು ಕರೆದನಲ್ಲ ಎಂಬ ಖುಷಿಯಲ್ಲಿ ನಾನು ಕೈ ಬೀಸಿ, ನಮ್ಮೂರಿನ ಅಭ್ಯಾಸಬಲದಿಂದ, ಗಟ್ಟಿಯಾಗಿ ಹೇಳಿದೆ:

"ಹಾಯ್!"