ರೈಲಿಲ್ಲದ ಜಿಲ್ಲೆಯಿಂದ ಸುರೇಖಾ ಯಾದವ್ ಅವರಿಗೆ

ದಸರಾ ವಾರ. ಅಮ್ಮ ತೆಂಗಿನಕಾಯಿ ತುರಿಯುತ್ತಿದ್ದರು, ನಾನು ಮೊಬೈಲಿನಲ್ಲಿ ಸುದ್ದಿ ಓದಿ ಹೇಳುತ್ತಿದ್ದೆ. ಏಷ್ಯಾದ ಮೊದಲ ಮಹಿಳಾ ರೈಲು ಚಾಲಕಿ ಎಂದು ಹೆಸರಾದ ಸುರೇಖಾ ಯಾದವ್ 2025ರ ಸೆಪ್ಟೆಂಬರ್ 30ಕ್ಕೆ ನಿವೃತ್ತಿ, 36 ವರ್ಷ ರೈಲು ಓಡಿಸಿದ್ದಾರಂತೆ ಅಂದೆ. ಅಮ್ಮ ತುರಿಯುವುದನ್ನು ನಿಲ್ಲಿಸಿ ಕೇಳಿದ್ದು ಒಂದೇ ಮಾತು: "ಅಷ್ಟು ವರ್ಷ ಒಂದಕ್ಕೆ ಎಲ್ಲಿಗೆ ಹೋಗ್ತಿದ್ಳೋ ಪಾಪ."

ನಗು ಬಂತು. ಆಮೇಲೆ ನಗು ಬರಲಿಲ್ಲ.

ಅವರ ಬಗ್ಗೆ ಎಲ್ಲ ಕಡೆ ಓಡಾಡುತ್ತಿರುವುದು ವಂದೇ ಭಾರತ್ ಫೋಟೋ. 2023ರ ಮಾರ್ಚ್ 13ರಂದು ಸೊಲ್ಲಾಪುರದಿಂದ ಮುಂಬೈಗೆ ಓಡಿಸಿದ್ದು. ಒಳ್ಳೆ ಫೋಟೋ, ಬೇಡ ಅನ್ನಲ್ಲ. ಆದರೆ ನನಗೆ ಜಾಸ್ತಿ ಕಾಡಿದ್ದು ಫೋಟೋ ಇಲ್ಲದ ವರ್ಷಗಳು. ಸಾತಾರಾ ಕಡೆಯ ರೈತರ ಮನೆ ಮಗಳು, ಕರಾಡದಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಓದಿ, 1989ರಲ್ಲಿ ಸಹಾಯಕ ಚಾಲಕಿಯಾಗಿ ಕೆಲಸಕ್ಕೆ ಸೇರಿದವರು. ಶುರುವಾಗಿದ್ದು ಗೂಡ್ಸ್ ಗಾಡಿಯಿಂದ. ಗೂಡ್ಸ್ ಗಾಡಿ ಯಾರು ಓಡಿಸುತ್ತಿದ್ದಾರೆ ಅಂತ ಯಾರಾದರೂ ಇಣುಕಿ ನೋಡುತ್ತಾರಾ? ಹೊತ್ತಿಲ್ಲ ಗೊತ್ತಿಲ್ಲ, ಸಿಗ್ನಲ್ ಸಿಗದಿದ್ದರೆ ಯಾವುದೋ ಬಯಲಿನಲ್ಲಿ ಗಂಟೆಗಟ್ಟಲೆ ನಿಲ್ಲಬೇಕು. 2000ದಲ್ಲಿ ಮುಂಬೈಯಲ್ಲಿ ಹೆಂಗಸರ ಲೋಕಲ್ ರೈಲು ಓಡಿಸಿದರು, 2011ರ ಮಹಿಳಾ ದಿನಕ್ಕೆ ಪುಣೆಯಿಂದ ಮುಂಬೈಗೆ ಡೆಕ್ಕನ್ ಕ್ವೀನ್ ಎಕ್ಸ್‌ಪ್ರೆಸ್. ಆಗ ಕ್ಯಾಮೆರಾಗಳು ಬಂದವು. ನಡುವಿನ ವರ್ಷಗಳು ಯಾರಿಗೂ ಬೇಡ.

ನಮ್ಮ ಕೊಡಗಿನಲ್ಲಿ ಒಂದು ಗೇಣು ರೈಲು ಹಳಿ ಇಲ್ಲ. ರೈಲು ಹತ್ತಬೇಕೆಂದರೆ ಮೈಸೂರಿಗೋ ಹಾಸನಕ್ಕೋ ಹೋಗಬೇಕು. ಕುಶಾಲನಗರಕ್ಕೆ ರೈಲು ಬರುತ್ತೆ ಅಂತ ಕೇಳುತ್ತಲೇ ದೊಡ್ಡವರಾದೆವು. ಬರಲಿ ಅನ್ನೋರಿದ್ದಾರೆ, ಕಾಡು ಹೋಗುತ್ತೆ ಬೇಡ ಅನ್ನೋರೂ ಇದ್ದಾರೆ, ಆ ಜಗಳ ಇಲ್ಲಿ ಬೇಡ. ಹಾಗಿದ್ದ ಮೇಲೆ ರೈಲು ಓಡಿಸಿದವರ ಬಗ್ಗೆ ನಿನಗೇನು ಗೊತ್ತು ಅಂತ ಕೇಳಬಹುದು.

ಘಾಟಿ ಗೊತ್ತು. ಮಳೆಗಾಲದಲ್ಲಿ ಮಡಿಕೇರಿಯಿಂದ ಸಂಪಾಜೆಗೆ ಇಳಿದವರಿಗೆ ಗೊತ್ತು. ಎದುರಿನ ಲಾರಿಯ ಲೈಟು ಕಾಣದಷ್ಟು ಮಂಜು, ಒಂದು ಕಡೆ ಗುಡ್ಡದ ಬರೆ, ಇನ್ನೊಂದು ಕಡೆ ಏನಿದೆ ಅಂತ ನೋಡದಿರುವುದೇ ಒಳ್ಳೆಯದು. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡಿನ ಕಡೆ ಗುಡ್ಡವೇ ಜಾರಿ ಬಂದ ದಾರಿ ಅದು. ಅಲ್ಲಿ ಹತ್ತುವಾಗ ಹೆದರಿಕೆ ಇಲ್ಲ, ಇಳಿಯುವಾಗಲೇ ಇರುವುದು. ನಮ್ಮ ಬಸ್ ಡ್ರೈವರ್‌ಗಳು ಬ್ರೇಕನ್ನೇ ನಂಬಿ ಇಳಿಯುವವರಲ್ಲ, ಗೇರ್‌ನಲ್ಲಿ ಹಿಡಿದು ಇಳಿಸುತ್ತಾರೆ.

ಈಗ ಮುಂಬೈ ಪುಣೆ ನಡುವಿನ ಭೋರ್ ಘಾಟಿ ನೋಡಿ. ಅಲ್ಲಿ ಹಳಿಯ ಏರು 37ಕ್ಕೆ 1. ಅಂದರೆ 37 ಮೀಟರ್ ಮುಂದೆ ಹೋದರೆ 1 ಮೀಟರ್ ಮೇಲೆ. ನಮ್ಮ ಜೀಪಿಗೆ ಅದು ಲೆಕ್ಕಕ್ಕೇ ಇಲ್ಲ. ಆದರೆ ಕಬ್ಬಿಣದ ಹಳಿ ಮೇಲೆ ಕಬ್ಬಿಣದ ಚಕ್ರ, ಹಿಂದೆ ಸಾವಿರಾರು ಜನ, ಮೇಲೆ ಮಳೆ. ಅದಕ್ಕೇ ಘಾಟಿಯ ಬುಡದ ಕರ್ಜತ್‌ನಲ್ಲಿ ಹತ್ತುವ ಗಾಡಿಯ ಹಿಂದೆ ಬೇರೆ ಇಂಜಿನ್ ಸೇರಿಸುತ್ತಾರೆ, ಬ್ಯಾಂಕರ್ ಅಂತ ಹೆಸರು. ಅದು ಘಾಟಿಯ ಮೇಲಿನ ಲೋನಾವಳದವರೆಗೆ ಹಿಂದಿನಿಂದ ತಳ್ಳಿಕೊಂಡು ಬರುತ್ತದೆ. ಇಳಿಯುವ ಗಾಡಿಯನ್ನು ನಡುವೆ ನಿಲ್ಲಿಸಿ ಬ್ರೇಕ್ ನೋಡಿಕೊಂಡೇ ಮುಂದೆ ಬಿಡುವುದು. ಅಕಸ್ಮಾತ್ ಬ್ರೇಕ್ ಕೈಕೊಟ್ಟು ಗಾಡಿ ನುಗ್ಗಿ ಬಂದರೆ ತಿರುಗಿಸಿ ಏರಿನ ಮೇಲೆ ಹತ್ತಿಸಿ ನಿಲ್ಲಿಸಲು ಪಕ್ಕದಲ್ಲೇ ಬೇರೆ ಹಳಿ. ಈ ಘಾಟಿಯಲ್ಲಿ ಓಡಿಸಲು ಬೇರೆಯದೇ ತರಬೇತಿ ಬೇಕು. ಅದನ್ನೂ ಮುಗಿಸಿ 2010ರಲ್ಲಿ ಸುರೇಖಾ ಘಾಟಿ ಚಾಲಕಿಯಾದರು. ಅವರ ಕೊನೆಯ ಓಟವೂ ಇಗತ್ಪುರಿಯಿಂದ ಕೆಳಗೆ, ಇನ್ನೊಂದು ಘಾಟಿ ಇಳಿದು ಮುಂಬೈಗೆ, ರಾಜಧಾನಿ ಎಕ್ಸ್‌ಪ್ರೆಸ್‌ನಲ್ಲಿ. ಇದನ್ನು ಓದಿದಾಗ ನಮ್ಮವರೇ ಯಾರೋ ರಿಟೈರ್ ಆದ ಹಾಗೆ ಅನಿಸಿತು, ಸುಮ್ನೆ ಹೇಳ್ತಿಲ್ಲ.

ಸರಿ, ಅಮ್ಮನ ಪ್ರಶ್ನೆ. ನಮ್ಮ ದೇಶದ ಎಷ್ಟೋ ಇಂಜಿನ್‌ಗಳಲ್ಲಿ ಇವತ್ತಿಗೂ ಶೌಚಾಲಯ ಇಲ್ಲ. ಹಿಂದೆ ಬೋಗಿ ಬೋಗಿಗೂ ಇದೆ, ಅದನ್ನು ಎಳೆಯುವವರಿಗೆ ಇಲ್ಲ. ಗಂಡಸರು ಹೇಗೋ ಮಾಡಿಕೊಳ್ಳುತ್ತಾರೆ, ಅವರಿಗೂ ಕಷ್ಟವೇ. ಹೆಂಗಸರು ನೀರು ಕುಡಿಯುವುದನ್ನೇ ಬಿಡುತ್ತಾರೆ. ಮೊದಲ ಮಹಿಳೆ ಅಂತ ಶಾಲು ಹೊದಿಸುತ್ತೇವೆ, ಎರಡನೆಯವಳು, ನೂರನೆಯವಳು ಬಂದಾಗ ಅವಳಿಗೆ ಏನು ಬೇಕು ಅಂತ ಕೇಳಲ್ಲ. ನನ್ನ ಸಿಟ್ಟು ಇಷ್ಟೇ. ಸನ್ಮಾನ ಮಾಡಿ, ಖಂಡಿತ ಮಾಡಿ, ಶಾಲಿನ ಜೊತೆಗೆ ಇಂಜಿನ್ನಿಗೆ ಒಂದು ಬಾಗಿಲಿರುವ ಶೌಚಾಲಯವನ್ನೂ ಕೊಡಿ.

ನಮ್ಮಲ್ಲಿ ಬೇರೆ ಅಂದ್ಕೊಂಡ್ರಾ? ಮೊನ್ನೆ ದಶಮಂಟಪದ ರಾತ್ರಿ, ಅಂದರೆ ದಸರಾಕ್ಕೆ ಹತ್ತು ದೇವಸ್ಥಾನಗಳ ಮಂಟಪಗಳು ಮೆರವಣಿಗೆ ಹೊರಡುವ ರಾತ್ರಿ, ಮಡಿಕೇರಿಯಲ್ಲಿ ನಿಂತು ನೋಡಿದೆ. ಮಂಟಪದ ಮೇಲೆ ದೇವಿ ರಾಕ್ಷಸನನ್ನು ಕೊಲ್ಲುತ್ತಿದ್ದಾಳೆ, ಜನ ಕೈ ಮುಗಿಯುತ್ತಿದ್ದಾರೆ. ಮಂಟಪ ಎಳೆಯುವ ಟ್ರ್ಯಾಕ್ಟರ್‌ಗಳಲ್ಲಿ ನಾನು ನೋಡಿದಷ್ಟರಲ್ಲಿ ಸ್ಟೇರಿಂಗ್ ಹಿಡಿದ ಒಬ್ಬ ಹೆಂಗಸೂ ಇರಲಿಲ್ಲ. ಇದನ್ನು ಹೇಳಿದ್ದಕ್ಕೆ ಅಣ್ಣ, "ನಿಂಗೆ ಎಲ್ಲದ್ರಲ್ಲೂ ಅದೇ" ಅಂದ.

ನಾನು ದಿನಾ ಹೋಗುವ ಬಸ್ಸಿನಲ್ಲಿ ಒಬ್ಬ ಕಂಡಕ್ಟರ್ ಅಕ್ಕ ಇದ್ದಾರೆ. ಹೆಣ್ಣುಮಕ್ಕಳಿಗೆ ಬಸ್ ಫ್ರೀ ಆದ ಮೇಲೆ, ಅಂದರೆ 2023ರ ಜೂನ್‌ನಿಂದ, ಬಸ್ಸಿನಲ್ಲಿ ಕಾಲಿಡಲು ಜಾಗ ಇಲ್ಲ. ಆ ರಶ್ಶಿನಲ್ಲಿ, ಆ ತಿರುವುಗಳಲ್ಲಿ, ಸೊಂಟವನ್ನು ಸೀಟಿಗೆ ಒತ್ತಿ ನಿಂತು ಶೂನ್ಯ ಟಿಕೆಟ್ ಹರಿದು ಕೊಡುತ್ತಾರೆ. ಒಂದು ಸಲ ಕೊನೆ ಸ್ಟಾಪಿನಲ್ಲಿ (ಊರಿನ ಹೆಸರು ಬೇಡ) ಹೆಂಗಸರ ಶೌಚಾಲಯಕ್ಕೆ ಬೀಗ. ಕೀ ಇಟ್ಟುಕೊಂಡವನು ಊಟಕ್ಕೆ ಹೋಗಿದ್ದ. ಅಕ್ಕ ಎದುರಿನ ಬೇಕರಿಯವರ ಮನೆಗೆ ಹೋಗಿ ಬಂದರು. ಅವರ ಬ್ಯಾಗಿನಲ್ಲಿ ಒಂದು ಲೀಟರ್ ನೀರಿನ ಬಾಟಲಿ ಇರುತ್ತದೆ, ಸಂಜೆಯವರೆಗೂ ಅದು ತುಂಬೇ ಇರುತ್ತದೆ. ನಾನು ಗಮನಿಸಿದ್ದೇನೆ.

ನಿನ್ನೆ ಬಸ್ಸಿನಲ್ಲಿ ಅವರಿಗೆ ಸುರೇಖಾ ಯಾದವ್ ಫೋಟೋ ತೋರಿಸಿದೆ. ಟಿಕೆಟ್ ಮಿಷನ್ ಕಂಕುಳಲ್ಲಿ ಇಟ್ಟುಕೊಂಡು ಎರಡು ಬೆರಳಲ್ಲಿ ದೊಡ್ಡದು ಮಾಡಿ ನೋಡಿದರು.

"ಎಷ್ಟು ವರ್ಷ ಅಂದ್ರಿ?"

"ಮೂವತ್ತಾರು ಅಕ್ಕ."

"ಅಬ್ಬಾ. ನಂಗಿನ್ನೂ ಹನ್ನೊಂದು ಬಾಕಿ ಇದೆ," ಅಂದರು. ಮೊಬೈಲ್ ನನ್ನ ಕೈಗಿಟ್ಟು ಹಿಂದಕ್ಕೆ ತಿರುಗಿ, "ಒಳಗೆ ಹೋಗಿ, ಒಳಗೆ ಜಾಗ ಇದೆ" ಅಂತ ಕೂಗಿ ವಿಸಿಲ್ ಊದಿದರು.